ಗಾಜಿನ ಬಟ್ಟೆಗೆ ತೇಪೆ

ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ರಸ್ತೆಗಳಲ್ಲಿ ರಾತ್ರಿ ಹೊತ್ತು ಬೈಕ್ ಓಡಿಸಲು ಎಂಟೆದೆ ಬೇಕು. ಹಿಂದೆ ಕೆಂಪು ದೀಪವಿಲ್ಲದ ಜೋಡಿ ಟ್ರೇಲರ್‌ಗಳು, ಅವುಗಳಿಂದ ಉದುರಿದ ಜಲ್ಲೆಗಳು, ಗಾಲಿಗಂಟಿ ಬಂದ ಎರೆಮಣ್ಣು. ಬಿದ್ದವರು ಎದ್ದು, ಕೈಕಾಲು ಸರಿಯಿವೆಯೆಂದು ಖಾತ್ರಿಯಾದ ಮೇಲೆ ಮೊದಲು ನೋಡುವುದು ಗಾಡಿಯ ಮುಖವನ್ನು. ಹೆಡ್‌ಲೈಟಿನ ಸುತ್ತಲಿನ ಕವಚ ಸೀಳಿರುತ್ತದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ‘ಡೂಮ್’. ಕಂಪನಿಯ ಪುಸ್ತಕದಲ್ಲಿ ‘ಫೇರಿಂಗ್’. ಮರುದಿನ ಗ್ಯಾರೇಜಿಗೆ ಹೋದರೆ ಬರುವ ಉತ್ತರ ಬಹುತೇಕ ಒಂದೇ: ‘ಫೈಬರ್ ಐತ್ರಿ, ರಿಪೇರಿ ಆಗಂಗಿಲ್ರಿ, ಹೊಸಾದ ಹಾಕ್ಸಬೇಕ್ರಿ.’

ಈ ಒಂದು ಮಾತಿನಲ್ಲಿ ಎರಡು ತಪ್ಪುಗಳಿವೆ. ಜನ ‘ಫೈಬರ್’ ಎಂದು ಕರೆಯುವ ವಸ್ತುಗಳಲ್ಲಿ ಬಹುಪಾಲು ಫೈಬರ್ ಅಲ್ಲವೇ ಅಲ್ಲ, ಬರೀ ಪ್ಲಾಸ್ಟಿಕ್. ಇನ್ನು ಅದು ನಿಜವಾದ ಫೈಬರ್ ಗ್ಲಾಸ್ ಆಗಿದ್ದರೆ, ಅಷ್ಟು ಕಡಿಮೆ ಖರ್ಚಿನಲ್ಲಿ, ಅಷ್ಟು ಗಟ್ಟಿಯಾಗಿ ರಿಪೇರಿಯಾಗುವ ವಸ್ತು ಗಾಡಿಯಲ್ಲಿ ಮತ್ತೊಂದಿಲ್ಲ. ಏಕೆಂದರೆ ಫೈಬರ್ ಗ್ಲಾಸ್ ಎಂಬುದು ಮೂಲತಃ ಒಂದು ಬಟ್ಟೆ. ಹರಿದ ಬಟ್ಟೆಗೆ ತೇಪೆ ಹಾಕಬಹುದೆಂಬುದನ್ನು ನೇಕಾರರ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಎಳೆ ಮತ್ತು ಅಂಟು

ಗಾಜನ್ನು ಕಾಯಿಸಿ ಕರಗಿಸಿ, ಸಣ್ಣ ರಂಧ್ರಗಳ ಮೂಲಕ ಎಳೆದು ತಲೆಗೂದಲಿಗಿಂತ ಹಲವು ಪಟ್ಟು ಸಪೂರವಾದ ಎಳೆ ತೆಗೆಯುತ್ತಾರೆ. ಆ ಎಳೆಗಳನ್ನು ಹಾಸು-ಹೊಕ್ಕಾಗಿ ನೇಯಬಹುದು. ಅಥವಾ ತುಂಡರಿಸಿ, ಹೇಗೆಂದರೆ ಹಾಗೆ ಹರಡಿ, ಚಾಪೆಯಂತೆ ಹಾಳೆ ಮಾಡಬಹುದು. ಅಂಗಡಿಯಲ್ಲಿ ‘ಮ್ಯಾಟ್’ ಎಂದು ಸಿಗುವುದು ಈ ಎರಡನೆಯ ಬಗೆ. ಇದನ್ನು ರೆಸಿನ್ ಎಂಬ ಜೇನಿನಂಥ ದ್ರವದಲ್ಲಿ ನೆನೆಸಿ ಪದರದ ಮೇಲೆ ಪದರ ಹಾಸಿದರೆ, ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಸೇರಿ ಒಂದೇ ಗಟ್ಟಿ ಹಲಗೆಯಾಗುತ್ತದೆ. ಹಳೆಯ ಸೀರೆ-ಧೋತರಗಳ ಪದರುಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರಲ್ಲ, ಇದೂ ಒಂದು ಕೌದಿಯೇ. ದಾರದ ಬದಲು ಅಂಟು, ಅಷ್ಟೇ ವ್ಯತ್ಯಾಸ.

ಎಳೆ ಸೆಳೆತವನ್ನು ತಡೆಯುತ್ತದೆ, ಅಂಟು ಎಳೆಗಳನ್ನು ಅಲುಗದಂತೆ ಹಿಡಿದಿಡುತ್ತದೆ. ಈ ಉಪಾಯ ನಾಡಿಗೆ ಹೊಸದೇನಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಸೆಣಬಿನ ಹಳೆಯ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಸರಿಯೊಡನೆ ಕಲಸಿ ‘ಕಿಟ್ಟ’ ತಯಾರಿಸುತ್ತಾರೆ. ಗೊಂಬೆಯ ಬಿಡಿಭಾಗಗಳನ್ನು ಕೂಡಿಸುವುದು, ಸಂದು ಮುಚ್ಚುವುದು ಅದರಿಂದಲೇ. ಕೃಷ್ಣೆ, ತುಂಗಭದ್ರೆಯ ಹರಿಗೋಲಿನಲ್ಲಿ ಬಿದಿರಿನ ಹೆಣಿಗೆ ಬಲ ಕೊಟ್ಟರೆ ಮೇಲಿನ ಚರ್ಮ ನೀರು ತಡೆಯುತ್ತಿತ್ತು. ಗೋಡೆಯ ಮಣ್ಣಿಗೆ ಹೊಟ್ಟು ಬೆರೆಸಿ ತುಳಿಯುತ್ತಿದ್ದ ಗೌಂಡಿಗೂ ಈ ಲೆಕ್ಕ ಗೊತ್ತಿತ್ತು.

ಆದರೆ ಒಡೆಯುವುದೇ ಸ್ವಭಾವವಾದ ಗಾಜಿಗೆ ಈ ಬಲ ಬಂದದ್ದೆಲ್ಲಿಂದ? 1920ರ ಸುಮಾರಿಗೆ ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಸಂಸ್ಥೆಯಲ್ಲಿದ್ದ ಎ.ಎ. ಗ್ರಿಫಿತ್ ಇದಕ್ಕೆ ಉತ್ತರ ಹುಡುಕಿದರು. ಗಾಜು ಒಡೆಯುವುದು ಅದರ ಮೈಮೇಲಿನ ಕಣ್ಣಿಗೆ ಕಾಣದ ಗೀರುಗಳಿಂದ. ಎಳೆ ಸಣ್ಣದಾದಷ್ಟೂ ದೊಡ್ಡ ಗೀರಿಗೆ ಅದರಲ್ಲಿ ಜಾಗವಿರದು, ಹಾಗಾಗಿ ಬಲ ಹೆಚ್ಚುತ್ತದೆ ಎಂದು ಅವರು ತೋರಿಸಿದರು. ಗೀರೇ ಬಿರುಕಾಗಿ ಬೆಳೆಯುತ್ತದೆಂಬ ಈ ಮಾತು ಡೂಮ್ ರಿಪೇರಿ ಮಾಡುವವರಿಗೂ ಬೇಕಾದದ್ದೇ. ಅದು ಮುಂದೆ ಬರುತ್ತದೆ.

ಗಾಜಿನ ಉಡುಗೆಯಿಂದ ರೇಸಿನ ಬೈಕಿನವರೆಗೆ

ಗಾಜಿನ ನೂಲನ್ನು ಜನ ಬೆರಗಿನಿಂದ ಕಂಡದ್ದು 1893ರಲ್ಲಿ, ಷಿಕಾಗೋದ ವಿಶ್ವ ಪ್ರದರ್ಶನದಲ್ಲಿ. ಅದೇ ಪ್ರದರ್ಶನದ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ್ದು ಎಲ್ಲರಿಗೂ ಗೊತ್ತು. ಅಲ್ಲಿಯೇ ಗಾಜಿನ ಉದ್ಯಮಿ ಎಡ್ವರ್ಡ್ ಲಿಬ್ಬಿ, ರೇಷ್ಮೆಯ ಜೊತೆ ಗಾಜಿನ ಎಳೆ ಸೇರಿಸಿ ನೇಯ್ದ ಉಡುಗೆಯನ್ನು ಪ್ರದರ್ಶನಕ್ಕಿಟ್ಟಿದ್ದ. ನೋಡಲು ಚೆಂದ, ಉಡಲು ಕಷ್ಟ. ಆ ಕುತೂಹಲ ಅಲ್ಲಿಗೇ ನಿಂತಿತು.

ನಿಜವಾದ ತಿರುವು ಬಂದದ್ದು 1932ರಲ್ಲಿ, ಅದೂ ಆಕಸ್ಮಿಕವಾಗಿ. ಅಮೆರಿಕದ ಓವೆನ್ಸ್-ಇಲಿನಾಯ್ ಗಾಜಿನ ಕಂಪನಿಯಲ್ಲಿ ಡೇಲ್ ಕ್ಲೈಸ್ಟ್ ಎಂಬ ಯುವಕ ಗಾಜಿನ ಇಟ್ಟಿಗೆಗಳನ್ನು ಬೆಸೆಯುವ ಪ್ರಯೋಗದಲ್ಲಿದ್ದಾಗ, ಕರಗಿದ ಗಾಜಿನ ಮೇಲೆ ಒತ್ತಡದ ಗಾಳಿ ಬಡಿದು ಅದು ನವಿರಾದ ಎಳೆಗಳಾಗಿ ಹಾರಿತು. ಅವನ ಮೇಲಧಿಕಾರಿ ಗೇಮ್ಸ್ ಸ್ಲೇಟರ್ ಅದರ ಬೆಲೆ ತಿಳಿದವರು. 1938ರಲ್ಲಿ ಇದಕ್ಕೆಂದೇ ಓವೆನ್ಸ್-ಕಾರ್ನಿಂಗ್ ಎಂಬ ಪ್ರತ್ಯೇಕ ಕಂಪನಿ ಹುಟ್ಟಿತು. ಅದೇ ದಶಕದಲ್ಲಿ ಪಾಲಿಯೆಸ್ಟರ್ ರೆಸಿನ್ ಕೂಡ ಸಿದ್ಧವಾಯಿತು. ಎರಡನೆಯ ಮಹಾಯುದ್ಧದಲ್ಲಿ ಎಳೆ-ಅಂಟು ಎರಡೂ ಸೇರಿ ವಿಮಾನದ ಭಾಗಗಳಾದವು. 1953ರಲ್ಲಿ ಷೆವರ್ಲೆ ಕಂಪನಿಯ ಕಾರ್ವೆಟ್ ಕಾರು ಫೈಬರ್ ಗ್ಲಾಸ್ ಮೈಯೊಂದಿಗೆ ರಸ್ತೆಗಿಳಿಯಿತು.

ಬೈಕಿನ ಫೇರಿಂಗಿನ ಕಥೆ ಬೇರೆ ದಾರಿಯಲ್ಲಿ ಬಂದು ಇಲ್ಲಿ ಕೂಡುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ರೇಸಿನಲ್ಲಿ ಗೆಲ್ಲಬೇಕಾದರೆ ಗಾಳಿಯನ್ನು ಸೀಳಬೇಕು. ಇಟಲಿಯ ಮೋಟೊ ಗುಝಿ ಕಂಪನಿ 1950ರಲ್ಲಿ ತನ್ನ ಮಂಡೆಲ್ಲೊ ಊರಿನ ಕಾರ್ಖಾನೆಯಲ್ಲಿ ಇದಕ್ಕಾಗಿಯೇ ಗಾಳಿ ಸುರಂಗ ಕಟ್ಟಿಸಿತು. ಮುಂದಿನ ಗಾಲಿಯನ್ನೂ ನುಂಗುವಂಥ, ಕಸದ ಡಬ್ಬಿಯ ಹೆಸರು ಪಡೆದ ಭಾರಿ ಕವಚಗಳು ಬಂದವು. ಅಡ್ಡಗಾಳಿ ಬೀಸಿದರೆ ಸವಾರನ ಕೈಯಲ್ಲಿ ಹ್ಯಾಂಡಲ್ ನಿಲ್ಲುತ್ತಿರಲಿಲ್ಲ. 1957ರ ಹಂಗಾಮು ಮುಗಿದ ಮೇಲೆ ಅಂತರರಾಷ್ಟ್ರೀಯ ಒಕ್ಕೂಟ ಅವುಗಳನ್ನು ನಿಷೇಧಿಸಿತು. ಉಳಿದುಕೊಂಡದ್ದು ಗಾಲಿಯನ್ನು ಬಯಲಿಗೆ ಬಿಟ್ಟು ಎಂಜಿನ್ ಮತ್ತು ಹ್ಯಾಂಡಲನ್ನು ಮಾತ್ರ ಮುಚ್ಚುವ, ಇಂದು ನಾವು ಕಾಣುವ ರೂಪ.

ಮೊದಮೊದಲು ಇಂಥ ಕವಚಗಳನ್ನು ಅಲ್ಯೂಮಿನಿಯಂ ತಗಡು ಬಡಿದು ಮಾಡುತ್ತಿದ್ದರು. ಅದಕ್ಕೆ ನುರಿತ ಕೈ ಬೇಕು. ಫೈಬರ್ ಗ್ಲಾಸ್ ಬಂದದ್ದೇ ತಡ, ಒಂದು ಅಚ್ಚು, ಒಂದು ಬ್ರಷ್ಷು, ಒಂದು ಡಬ್ಬಿ ರೆಸಿನ್ ಇದ್ದವರೆಲ್ಲ ಫೇರಿಂಗ್ ತಯಾರಕರಾದರು. ಭಾರಿ ಪ್ರೆಸ್ಸು ಬೇಡ, ಕುಲುಮೆ ಬೇಡ. ಮನೆಯ ಹಿತ್ತಿಲೇ ಕಾರ್ಖಾನೆ.

ಕರ್ನಾಟಕದ ಪಾಲು

ನಮ್ಮ ರಾಜ್ಯ ಈ ವಸ್ತುವನ್ನು ಕೈಗೆತ್ತಿಕೊಂಡದ್ದು ಬೈಕಿಗಿಂತ ಹೆಚ್ಚಾಗಿ ಕಾರಿನಲ್ಲಿ. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದ ‘ಬಾದಲ್’ ಎಂಬ ಮೂರು ಗಾಲಿಯ ಕಾರಿನ ಮೈ ಫೈಬರ್ ಗ್ಲಾಸಿನದು. 1982ರಲ್ಲಿ ಸಿಪಾನಿ ಕಂಪನಿ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ ‘ಡಾಲ್ಫಿನ್’ ಹೊರತಂದಿತು. ತಗಡಿಲ್ಲದ ಕಾರೆಂದು ಗ್ರಾಹಕರು ಹಿಂಜರಿದರು. ಅಂಬಾಸಿಡರ್ ನೋಡಿ ಬೆಳೆದ ಕಣ್ಣಿಗೆ ಅದು ಆಟಿಗೆಯಂತೆ ಕಂಡಿರಬೇಕು. ಆದರೆ ಹಗುರವಾಗಿದ್ದ ಕಾರಣಕ್ಕೇ ಅದು ರೇಸಿನವರ ಮೆಚ್ಚುಗೆ ಗಳಿಸಿ, ಮದರಾಸಿನ ಸಮೀಪದ ಶೋಲಾವರಂನ ಹಳೆಯ ವಿಮಾನಪಟ್ಟಿಯ ಮೇಲೆ ಓಡಿತು. 1993ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದ ‘ಹಂಸ’ ತರಬೇತಿ ವಿಮಾನ ಮೊದಲ ಬಾರಿ ಹಾರಿತು. ಅದರ ಮೈಯೂ ಇದೇ ಬಗೆಯ ಎಳೆ-ಅಂಟಿನ ಕೌದಿ. ಗದಗ ಸುತ್ತಲಿನ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ರೆಕ್ಕೆಗಳೂ ಅದೇ ಜಾತಿಯವು.

ಆಗಿನ ಯೆಜ್ಡಿ, ಬುಲೆಟ್ಟುಗಳು ಕಾರ್ಖಾನೆಯಿಂದ ಬರುವಾಗ ಅವುಗಳ ಮುಖಕ್ಕೆ ಇಂಥ ಕವಚವಿರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ತಗಡನ್ನೇ ನಂಬಿತ್ತು. ಆಸೆಯಿದ್ದ ಹುಡುಗರು ಹೊರಗಿನ ಅಂಗಡಿಯಿಂದ ಫೈಬರ್ ಗ್ಲಾಸ್ ಕವಚ, ಸೈಡ್ ಬಾಕ್ಸುಗಳನ್ನು ತಂದು ಬಿಗಿಸಿಕೊಳ್ಳುತ್ತಿದ್ದರು. ಆಗ ವಿಜಾಪುರ ಜಿಲ್ಲೆಯಲ್ಲಿದ್ದು, 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಸೇರಿದ ಈ ತಾಲೂಕುಗಳ ರಸ್ತೆಯಲ್ಲಿ ಐವತ್ತು-ಅರವತ್ತರ ವೇಗಕ್ಕೆ ಗಾಳಿ ಸೀಳುವ ಅಗತ್ಯವೇನಿತ್ತೆಂದು ಕೇಳಬಾರದು. ಅದು ಠೀವಿಯ ಪ್ರಶ್ನೆ!

ಕಾರ್ಖಾನೆಯೇ ಕವಚ ತೊಡಿಸಿ ಕಳಿಸತೊಡಗಿದ್ದು ನಂತರ. 2003ರಲ್ಲಿ ಹೀರೊ ಹೋಂಡಾ ಕರಿಜ್ಮಾ, 2007ರಲ್ಲಿ ಬಜಾಜ್ ಪಲ್ಸರ್ 220, 2008ರಲ್ಲಿ ಯಮಹಾ ಆರ್15 ಬಂದವು. ಇವುಗಳ ಕವಚ ಫೈಬರ್ ಗ್ಲಾಸಿನದಲ್ಲ. ಉಕ್ಕಿನ ಅಚ್ಚಿಗೆ ಬಿಸಿ ಪ್ಲಾಸ್ಟಿಕನ್ನು ಒತ್ತಡದಿಂದ ತುಂಬಿ ತೆಗೆದದ್ದು. ಅಚ್ಚಿಗೆ ಬಂಡವಾಳ ಅಪಾರ, ಒಮ್ಮೆ ಅಚ್ಚಾದರೆ ಕವಚಗಳು ಕ್ಷಣಕ್ಕೊಂದರಂತೆ ಉದುರುತ್ತವೆ. ಕೈಯಿಂದ ಪದರ ಹಾಸುವವನು ಈ ಓಟಕ್ಕೆ ನಿಲ್ಲುವುದು ಸಾಧ್ಯವಿರಲಿಲ್ಲ. ಹೆಸರು ಮಾತ್ರ ಉಳಿಯಿತು. ಪ್ಲಾಸ್ಟಿಕ್ ಡೂಮಿಗೂ ಜನ ‘ಫೈಬರ್’ ಎಂದೇ ಕರೆಯುತ್ತ ಬಂದರು.

ಮೊದಲು ಜಾತಿ ಗುರುತಿಸಿ

ದುಡ್ಡು ದಂಡವಾಗುವುದು ಇಲ್ಲಿಯೇ. ಪ್ಲಾಸ್ಟಿಕ್ಕಿಗೆ ಫೈಬರ್ ಗ್ಲಾಸಿನ ರೆಸಿನ್ ಬಳಿದರೆ ಎರಡು ವಾರ ಹಿಡಿದಂತೆ ಮಾಡಿ ಸಿಪ್ಪೆಯಂತೆ ಕಳಚಿಕೊಳ್ಳುತ್ತದೆ.

ಗುರುತು ಕಷ್ಟವಲ್ಲ. ಕವಚವನ್ನು ಬಿಚ್ಚಿ ಒಳಬದಿ ನೋಡಬೇಕು. ಒರಟಾಗಿದ್ದು, ಅಡ್ಡಾದಿಡ್ಡಿ ಎಳೆಗಳು ಕಂಡರೆ, ಸೀಳಿದ ಅಂಚಿನಲ್ಲಿ ಬಿಳಿಯ ಕೂದಲು ಎದ್ದಿದ್ದರೆ ಅದು ಫೈಬರ್ ಗ್ಲಾಸ್. ಎರಡೂ ಬದಿ ನುಣುಪಾಗಿದ್ದರೆ ಪ್ಲಾಸ್ಟಿಕ್. ಒಳಬದಿಯ ಮೂಲೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎಬಿಎಸ್ ಅಥವಾ ಪಿಪಿ ಎಂದು ಅಚ್ಚು ಒತ್ತಿರುವುದುಂಟು. ಎಬಿಎಸ್ ಆಗಿದ್ದರೆ ಅಸಿಟೋನಿನಲ್ಲಿ ಕರಗುತ್ತದೆ. ಅದೇ ಜಾತಿಯ ಒಡಕು ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಸರಿ ಮಾಡಿ ಬಿರುಕಿಗೆ ತುಂಬಬಹುದು, ಒಳಗೆ ಸಣ್ಣ ತಂತಿ ಬಲೆಯನ್ನು ಬಿಸಿ ಮಾಡಿ ಹುದುಗಿಸಬಹುದು. ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಆಗಿದ್ದರೆ ಸಾಮಾನ್ಯ ಅಂಟು ಯಾವುದೂ ನಿಲ್ಲುವುದಿಲ್ಲ. ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಕರಗಿಸಿ ಬೆಸೆಯಬೇಕು.

ಹೊರಗಿನಿಂದ ಕೊಂಡ ಕವಚಗಳು, ಹಳೆಯ ಗಾಡಿಯ ಸೈಡ್ ಬಾಕ್ಸುಗಳು, ರೇಸಿನ ಬೈಕಿನವು ಇಂದಿಗೂ ಫೈಬರ್ ಗ್ಲಾಸಿನಲ್ಲಿ ಸಿಗುತ್ತವೆ. ಅಂಥದ್ದು ಕೈಯಲ್ಲಿದ್ದರೆ ಎಸೆಯುವ ಮಾತೇ ಇಲ್ಲ.

ತೇಪೆಯ ಕ್ರಮ

ಮೊದಲು ಬಿರುಕಿಗೆ ಕಾರಣ ತಿಳಿಯಬೇಕು. ಬಿದ್ದ ಗಾಡಿಯಲ್ಲಿ ಕವಚ ಹಿಡಿದಿರುವ ಕಬ್ಬಿಣದ ಪಟ್ಟಿ ಬಾಗಿರುತ್ತದೆ. ಅದನ್ನು ನೇರ ಮಾಡದೆ ಕವಚ ಕೂರಿಸಿದರೆ, ಬೋಲ್ಟ್ ಬಿಗಿದಂತೆ ಹೊಸ ತೇಪೆಯೂ ಸೀಳುತ್ತದೆ. ಇದನ್ನು ಮರೆಯುವವರೇ ಹೆಚ್ಚು.

ನಂತರ ಗ್ರಿಫಿತ್ತರ ಪಾಠ. ಬಿರುಕಿನ ತುದಿ ಮುಂದೆ ಓಡುತ್ತಲೇ ಇರುತ್ತದೆ. ಅಲ್ಲಿ ಮೂರು ಮಿಲಿಮೀಟರಿನ ಸಣ್ಣ ತೂತು ಕೊರೆದರೆ ಓಟ ನಿಲ್ಲುತ್ತದೆ. ಒಡಕು ಚೂರುಗಳನ್ನು ಜೋಡಿಸಿ ಹೊರಬದಿಯಿಂದ ಟೇಪ್ ಹಚ್ಚಿ ಆಕಾರಕ್ಕೆ ತರಬೇಕು. ಕೆಲಸವೆಲ್ಲ ಒಳಬದಿಯಲ್ಲಿ. ಬಿರುಕಿನ ಎರಡೂ ಕಡೆ ಎರಡೆರಡು ಇಂಚು ಅಗಲಕ್ಕೆ ಒರಟು ಸ್ಯಾಂಡ್ ಪೇಪರಿನಿಂದ ಉಜ್ಜಿ, ಬಣ್ಣ-ಜಿಡ್ಡು ಹೋಗುವಂತೆ ಅಸಿಟೋನಿನಿಂದ ಒರೆಸಬೇಕು. ನುಣುಪಿನ ಮೇಲೆ ರೆಸಿನ್ ಹಿಡಿಯುವುದಿಲ್ಲ.

ಮ್ಯಾಟನ್ನು ಕತ್ತರಿಯಿಂದ ಕತ್ತರಿಸುವುದಕ್ಕಿಂತ ಕೈಯಿಂದ ಹರಿಯುವುದು ಲೇಸು. ಹರಿದ ಅಂಚಿನ ಎಳೆಗಳು ಹಳೆಯ ಮೈಯೊಡನೆ ಬೆರೆತು ಗೆರೆ ಕಾಣಿಸುವುದಿಲ್ಲ. ಮೂರು ತುಂಡು ಸಾಕು, ಒಂದಕ್ಕಿಂತ ಒಂದು ಸ್ವಲ್ಪ ದೊಡ್ಡದು. ಒಂದು ತೂಕ ಮ್ಯಾಟಿಗೆ ಎರಡು, ಹೆಚ್ಚೆಂದರೆ ಎರಡೂವರೆ ತೂಕ ರೆಸಿನ್. ರೆಸಿನ್ ಹೆಚ್ಚಾದರೆ ಗಟ್ಟಿಯಾಗುತ್ತದೆಂಬುದು ಭ್ರಮೆ. ಗಂಜಿ ಹೆಚ್ಚಾದ ನೂಲು ಮಗ್ಗದ ಮೇಲೆ ಪಟ್ಟನೆ ಹರಿಯುವುದನ್ನು ಬನಹಟ್ಟಿಯ ನೇಕಾರರು ಬಲ್ಲರು, ಇಲ್ಲಿಯೂ ಹಾಗೆಯೇ.

ಬ್ರಷ್ಷನ್ನು ಗೋಡೆಗೆ ಸುಣ್ಣ ಬಳಿದಂತೆ ಎಳೆಯಬಾರದು, ತುದಿಯಿಂದ ಕುಟ್ಟಬೇಕು. ಬೆಳ್ಳಗಿದ್ದ ಮ್ಯಾಟು ರೆಸಿನ್ ಕುಡಿಯುತ್ತ ಪಾರದರ್ಶಕವಾಗುತ್ತದೆ. ಎಲ್ಲಾದರೂ ಬಿಳಿ ಮಚ್ಚೆ ಉಳಿದರೆ ಒಳಗೆ ಗಾಳಿ ಸಿಕ್ಕಿದೆಯೆಂದು ಅರ್ಥ.

ಬೋಲ್ಟ್ ಕೂರುವ ‘ಕಿವಿ’ ಮುರಿದಿದ್ದರೆ ಪದರಗಳ ನಡುವೆ ಒಂದು ಅಗಲವಾದ ವಾಷರ್ ಹುದುಗಿಸಬೇಕು. ಕೂರಿಸುವಾಗ ರಬ್ಬರ್ ವಾಷರ್ ಹಾಕಿದರೆ ಎಂಜಿನ್ನಿನ ಅದುರು ಕವಚಕ್ಕೆ ತಟ್ಟುವುದಿಲ್ಲ. ಚೂರೇ ಕಳೆದುಹೋಗಿದ್ದರೆ ಅದೇ ಮಾದರಿಯ ಇನ್ನೊಂದು ಗಾಡಿಯ ಕವಚದ ಮೇಲೆ ನೆಲದ ಪಾಲಿಶಿನ ಮೇಣವನ್ನು ಎರಡು-ಮೂರು ಸಲ ಸವರಿ, ಅದರಿಂದ ಅಚ್ಚು ತೆಗೆಯಬಹುದು. ಆದರೆ ತನ್ನದೇ ಗಾಡಿಯ ಬಲಬದಿ ಚೆನ್ನಾಗಿದೆಯೆಂದು ಅದರಿಂದ ಎಡಬದಿಯ ಅಚ್ಚು ತೆಗೆಯಲು ಹೋಗುವವರಿದ್ದಾರೆ. ಬಲಗಾಲಿನ ಚಪ್ಪಲಿ ನೋಡಿ ಎಡಗಾಲಿಗೆ ಹೊಲಿದಂತೆ!

ಒಂದು ದಿನ ಗಟ್ಟಿಯಾಗಲು ಬಿಟ್ಟು, ಹೊರಬದಿಯ ಟೇಪ್ ತೆಗೆದು, ಬಿರುಕನ್ನು ಸ್ವಲ್ಪ ಅಗಲಿಸಿ ಪಾಲಿಯೆಸ್ಟರ್ ಪುಟ್ಟಿ ತುಂಬಿ ನೀರು ಹಚ್ಚಿ ಉಜ್ಜಿದರೆ ಕೆಲಸ ಮುಗಿಯಿತು. ರೆಸಿನ್, ಮ್ಯಾಟುಗಳಿಗಿಂತ ಪೇಂಟಿಂಗಿನ ಖರ್ಚೇ ಹೆಚ್ಚು. ಕೈಯಲ್ಲಿ ಕಾಸಿಲ್ಲದವರು ಪ್ರೈಮರ್ ಹೊಡೆಸಿ ಅಲ್ಲಿಗೇ ನಿಲ್ಲಿಸಿದರೂ ಹಾನಿಯಿಲ್ಲ. ಕವಚ ಅಲುಗದೆ ನಿಂತು, ಅದರೊಳಗಿನ ಹೆಡ್‌ಲೈಟಿನ ಬೆಳಕು ರಸ್ತೆಯ ಮೇಲೆ ಬೀಳಬೇಕಾದಲ್ಲಿ ಬೀಳುವುದು ಮುಖ್ಯ. ಬೈಂಡಿಂಗ್ ವೈರ್ ಬಿಗಿದ ಡೂಮ್ ಅದುರುತ್ತ ಬೆಳಕನ್ನು ಆಕಾಶಕ್ಕೋ ಎದುರಿನವನ ಕಣ್ಣಿಗೋ ಎಸೆಯುತ್ತದೆ, ಮುಂದಿರುವ ಕಬ್ಬಿನ ಟ್ರೇಲರ್ ಮಾತ್ರ ಕತ್ತಲಲ್ಲೇ ಉಳಿಯುತ್ತದೆ.

ಎರಡು ಶೀಷೆಗಳ ಎಚ್ಚರಿಕೆ

ರೆಸಿನ್ ತಾನಾಗಿ ಗಟ್ಟಿಯಾಗುವುದಿಲ್ಲ. ಅದರ ಜೊತೆ ಅಂಗಡಿಯವರು ಎರಡು ಸಣ್ಣ ಶೀಷೆ ಕೊಡುತ್ತಾರೆ: ನೇರಳೆ ಬಣ್ಣದ ಕೋಬಾಲ್ಟ್, ನೀರಿನಂತೆ ತಿಳಿಯಾದ ಹಾರ್ಡನರ್. ಈ ಎರಡನ್ನು ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು. ಬೆಂಕಿ ಹೊತ್ತಬಹುದು, ಸಿಡಿಯಲೂಬಹುದು. ಕೋಬಾಲ್ಟನ್ನು ಮೊದಲು ರೆಸಿನ್ನಿನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್ ಹಾಕಬೇಕು. ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ನೂ ಸಿಗುತ್ತದೆ. ಹೊಸಬರಿಗೆ ಅದೇ ಕ್ಷೇಮ. ನೂರು ಗ್ರಾಂ ರೆಸಿನ್ನಿಗೆ ಒಂದರಿಂದ ಎರಡು ಗ್ರಾಂ ಹಾರ್ಡನರ್ ಸಾಕು. ಏಪ್ರಿಲ್-ಮೇ ತಿಂಗಳ ಇಲ್ಲಿಯ ಬಿಸಿಲಿಗೆ ಒಂದೇ ಗ್ರಾಂ ಹೆಚ್ಚು. ಇಲ್ಲದಿದ್ದರೆ ಬ್ರಷ್ ಅದ್ದುವಷ್ಟರಲ್ಲಿ ಬಟ್ಟಲಿನಲ್ಲೇ ಹೆಪ್ಪುಗಟ್ಟಿ ಹೊಗೆಯಾಡತೊಡಗುತ್ತದೆ.

ಹಾರ್ಡನರಿನ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕನ್ನಡಕವಿಲ್ಲದೆ ಶೀಷೆ ತೆರೆಯಬಾರದು. ಸಿಡಿದರೆ ತಕ್ಷಣ ಕನಿಷ್ಠ ಹದಿನೈದು ನಿಮಿಷ ನೀರಿನಿಂದ ತೊಳೆದು ವೈದ್ಯರ ಬಳಿ ಹೋಗಬೇಕು. ರೆಸಿನ್ನಿನ ಘಾಟು ವಾಸನೆ ತಲೆ ಸುತ್ತಿಸುತ್ತದೆ, ಅದಕ್ಕೆ ಬೆಂಕಿಯೂ ಬೇಗ ತಗಲುತ್ತದೆ. ಆದ್ದರಿಂದ ಬಯಲಲ್ಲೇ ಕೆಲಸ ಮಾಡಬೇಕು, ಹತ್ತಿರ ಬೀಡಿ ಕೂಡದು. ಉಜ್ಜುವಾಗ ಏಳುವ ದೂಳು ಮೈಯೆಲ್ಲ ನವೆಯೆಬ್ಬಿಸಿ ಗಂಟಲಿಗೆ ಇಳಿಯುತ್ತದೆ. ಮಗ್ಗದ ಶೆಡ್ಡಿನ ಹತ್ತಿಯ ದೂಳಿನಲ್ಲಿ ಕೆಮ್ಮಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂಗಿಗೆ ಸರಿಯಾದ ಮಾಸ್ಕ್, ತುಂಬುತೋಳಿನ ಅಂಗಿ ಬೇಕು. ದಿನವೂ ಇದೇ ಕೆಲಸ ಮಾಡುವ ಹುಡುಗರು ಟವೆಲ್ ಸುತ್ತಿಕೊಂಡು ಕೂರುವುದು ಉಳಿತಾಯವಲ್ಲ.

ಇಷ್ಟೆಲ್ಲ ಕಲಿತವರಿಗೆ ಒಡೆದ ಹೆಲ್ಮೆಟ್ಟನ್ನೂ ಹೀಗೇ ಕೂಡಿಸುವ ಆಸೆ ಬರುವುದು ಸಹಜ. ಕೆಲವು ಹೆಲ್ಮೆಟ್ಟುಗಳ ಚಿಪ್ಪು ಫೈಬರ್ ಗ್ಲಾಸಿನದೇ. ಆದರೆ ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲ್ ಪದರ ಜಜ್ಜಿಹೋಗಿರುತ್ತದೆ, ಎರಡನೇ ಪೆಟ್ಟನ್ನು ಅದು ತಡೆಯದು. ಅದನ್ನು ಎಸೆಯಲೇಬೇಕು.

ಅರ್ಧ ಕಿಲೋ ರೆಸಿನ್ ತಂದರೆ ಒಂದು ಡೂಮಿಗೆ ಖರ್ಚಾಗುವುದು ಅದರ ಒಂದು ಪಾಲು. ಉಳಿದದ್ದು ಹೆಚ್ಚು ಕಾಲ ಬಾಳುವುದಿಲ್ಲ. ಕೆಲವೇ ತಿಂಗಳಲ್ಲಿ, ಸೆಖೆಗೆ ಇನ್ನೂ ಬೇಗ, ಡಬ್ಬಿಯಲ್ಲೇ ಕಲ್ಲಾಗುತ್ತದೆ. ಅಷ್ಟರೊಳಗೆ ಅದಕ್ಕೊಂದು ದಾರಿಯಿದೆ. ಮೀನುಗಾರಿಕೆ ಇಲಾಖೆ ಒಳನಾಡು ಮೀನುಗಾರರಿಗೆ ಸಹಾಯಧನದಲ್ಲಿ ಫೈಬರ್ ಗ್ಲಾಸ್ ಹರಿಗೋಲುಗಳನ್ನು ವಿತರಿಸುತ್ತ ಬಂದಿದೆ. ಚರ್ಮ-ಬಿದಿರಿನ ಹಳೆಯ ಹರಿಗೋಲಿನ ಜಾಗಕ್ಕೆ ಬಂದ ಇವುಗಳ ತಳ, ದಡದ ಕಲ್ಲಿನ ಮೇಲೆ ಎಳೆದೆಳೆದು ಸವೆದು ಸೋರುತ್ತದೆ. ಆಲಮಟ್ಟಿ ಜಲಾಶಯದ ಹಿನ್ನೀರು ನಿಲ್ಲುವ ಬೀಳಗಿ ತಾಲೂಕಿನ ದಂಡೆಯಲ್ಲಿ ಅಂಥದ್ದೊಂದು ಬೋರಲಾಗಿ ಬಿದ್ದಿದ್ದರೆ ಅದಕ್ಕೆ ಬೇಕಾದದ್ದೂ ಇದೇ ಮ್ಯಾಟು, ಇದೇ ರೆಸಿನ್. ಆದರೆ ತಳ ಪೂರ್ತಿ ಒಣಗಲು ಎರಡು ದಿನ ಬಿಸಿಲಿಗೆ ಬಿಡಬೇಕು, ತೇಪೆಯನ್ನು ಎರಡೂ ಬದಿಗೆ ಹಾಕಬೇಕು.